ಟೊಲೆಡೊ ಬಿಟ್ಟ ಬಂಡಿ ಕೊಡಚಾದ್ರಿ ಹತ್ತಿತು

ವಿಲ್ಲಿಸ್ ಎಂಬ ಕಂಪನಿ ಹೆಸರು ಅಮೆರಿಕದಲ್ಲಿ ಅಳಿದು ಅರವತ್ತು ವರ್ಷ ದಾಟಿತು. ಆದರೆ ಅದು ಕಡೆದಿಟ್ಟ ಎಲುಬುಗೂಡು ಕೊಲ್ಲೂರಿನ ರಸ್ತೆ ಬದಿಯಲ್ಲಿ ಇವತ್ತೂ ಎಂಟು ಜನರನ್ನು ಹೊತ್ತು ಗುಡ್ಡ ಹತ್ತುತ್ತಿದೆ. ಮಳೆ ಹಿಂದೆ ಸರಿದು ನವರಾತ್ರಿ ಬಂದ ಹೊತ್ತಿನಲ್ಲಿ, ಯುದ್ಧಕ್ಕೆಂದು ಹುಟ್ಟಿ ಕುಂದಾಪುರದ ಸುತ್ತಲಿನ ನಮ್ಮ ಮೂರು ತಾಲೂಕುಗಳ ಮನೆಮಂದಿಯಾದ ಜೀಪಿನ ಕಥೆ.

ಬೆಳಗಿನ ಐದೂವರೆ. ಕೊಲ್ಲೂರಿನ ಮಾಡುಗಳ ಮೇಲೆ ಮಂಜು ಇನ್ನೂ ಕೂತೇ ಇದೆ. ದೇವಸ್ಥಾನದ ಕಡೆಯಿಂದ ಗಂಟೆಯ ಸದ್ದು, ಹೋಟೆಲಿನ ಬಾಗಿಲಲ್ಲಿ ಇಡ್ಲಿ ಅಟ್ಟದ ಹಬೆ. ರಸ್ತೆ ಬದಿ ಸಾಲಾಗಿ ನಿಂತ ಜೀಪುಗಳಲ್ಲಿ ಒಂದಕ್ಕೆ ಜೀವ ಬಂತು. ಮೊದಲು ಒಂದು ಕೆಮ್ಮು, ಆಮೇಲೆ ಮೈಯೆಲ್ಲ ನಡುಕ, ಕೊನೆಗೆ ಹದಕ್ಕೆ ಬಂದ ಡೀಸೆಲ್ಲಿನ ಗಡಗಡ.

"ಎಟ್ಟು ಪೇರ್, ಎಟ್ಟು ಪೇರ್" ಎಂದು ಚಾಲಕ ಮಲಯಾಳದಲ್ಲಿ ಕೂಗಿದ. ಎಂಟು ಜನ ತುಂಬಿದರೆ ಗಾಡಿ ಹೊರಡುತ್ತದೆ. ಕೇರಳದ ಒಂದು ಕುಟುಂಬ ಹತ್ತಿ ಕೂತಿತು, ಆರು ಜನ. ಅವನು ನನ್ನ ಕಡೆ ತಿರುಗಿ ಭಾಷೆ ಬದಲಿಸಿದ: "ಹ್ವಾಯ್, ಎರಡ್ ಜನ ಕಡ್ಮಿ ಇತ್ತ್. ಬತ್ರಿಯಾ?"

ನಾನೂ ಮಗಳೂ ಹತ್ತಿದೆವು.

ನಾಗೋಡಿ ಘಾಟಿಯ ಡಾಂಬರು ಮುಗಿಯುವವರೆಗೆ ಎಲ್ಲ ಸಲೀಸು. ಕಟ್ಟಿನಹೊಳೆ ದಾಟಿದ ಮೇಲೆ ರಸ್ತೆ ಎಂಬುದು ಹೆಸರಿಗೆ ಮಾತ್ರ. ಮಳೆನೀರು ಕೊರೆದ ಕಾಲುವೆ, ಮಂಡೆಯೆತ್ತಿ ನಿಂತ ಕಲ್ಲು, ಒಂದು ಚಕ್ರ ಮುಳುಗುವಷ್ಟು ಕೆಂಪು ಕೆಸರು. ಚಾಲಕ ಒಂದು ಕ್ಷಣ ನಿಲ್ಲಿಸಿ ಗೇರಿನ ಪಕ್ಕದ ಚಿಕ್ಕ ಸನ್ನೆಕೋಲನ್ನು ಎಳೆದ. ಅಷ್ಟೇ. ಎಂಜಿನ್ನಿನ ದನಿ ಗಡುಸಾಯಿತು, ವೇಗ ಮನುಷ್ಯ ನಡೆಯುವಷ್ಟಕ್ಕೆ ಇಳಿಯಿತು, ನಾಲ್ಕು ಚಕ್ರಗಳೂ ನೆಲವನ್ನು ಕಚ್ಚಿ ಹಿಡಿದವು. ಕೇರಳದ ಅಜ್ಜಿ "ಅಮ್ಮೇ" ಎಂದು ಕಣ್ಣು ಮುಚ್ಚಿದರು. ಮಗಳು ನನ್ನ ತೋಳು ಹಿಡಿದಳು.

"ಗಟ್ಟಿ ಹಿಡ್ಕಣಿ" ಎಂದನೇ ಹೊರತು ಚಾಲಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಆ ಚಿಕ್ಕ ಸನ್ನೆಕೋಲು 1940ರಲ್ಲಿ ಅಮೆರಿಕದ ಸೈನ್ಯ ಇಟ್ಟ ಬೇಡಿಕೆಯ ಮರಿಮಗ. ಅದನ್ನು ಎಳೆದ ಕೈಗೆ ಟೊಲೆಡೊ ಎಂಬ ಊರಿನ ಹೆಸರು ಗೊತ್ತಿರಬೇಕೆಂದೇನೂ ಇಲ್ಲ. ಟೊಲೆಡೊಗೂ ಕಟ್ಟಿನಹೊಳೆ ಗೊತ್ತಿಲ್ಲ. ಆದರೂ ಇವೆರಡರ ನಡುವೆ ಒಂದು ನೇರ ವಂಶಾವಳಿ ಇದೆ. ಅದನ್ನು ಹಿಡಿದು ಹಿಂದಕ್ಕೆ ಹೋಗಬೇಕೆಂಬ ಆಸೆ ನನಗೆ ಚಿಕ್ಕಂದಿನದು. ಕಾರಣ ನನ್ನ ಮಾವನ ಜೀಪು.

ವೈಪರ್ ಎಳೆಯುವ ಕೆಲಸ

ಅಮ್ಮನ ತವರು ವಂಡ್ಸೆಯ ಕಡೆ. ಅಲ್ಲಿ ಸೋದರಮಾವನ ಹತ್ತಿರ ಒಂದು ವಿಲ್ಲಿಸ್ ಇತ್ತು. ಮಿಲಿಟರಿ ಡಿಸ್ಪೋಸಲ್‌ನಲ್ಲಿ ಹರಾಜಾಗಿ ಮೂರ್ನಾಲ್ಕು ಕೈ ಬದಲಾಗಿ ನಮ್ಮೂರಿಗೆ ಬಂದಿದ್ದ ಗಾಡಿ. ಸ್ಟಿಯರಿಂಗ್ ಎಡಗಡೆ. ಬಾಗಿಲುಗಳೇ ಇಲ್ಲ. ಬಾನೆಟ್ಟು ಮಾತ್ರ ಬೇರೆ ಯಾವುದೋ ಜೀಪಿನದು, ಯುದ್ಧ ಮುಗಿದ ಮೇಲಿನದು. ಅದರ ಎರಡೂ ಪಕ್ಕದಲ್ಲಿ ತಗಡಿನೊಳಗಿಂದಲೇ ಉಬ್ಬಿ ಬಂದ ಆರು ಇಂಗ್ಲಿಷ್ ಅಕ್ಷರ. ಅಕ್ಷರ ಕಲಿಯುವ ಮೊದಲೇ ನಾನು ಅವನ್ನು ಬೆರಳಲ್ಲಿ ಓದಿದ್ದೆ. ಆರರಲ್ಲಿ ಎರಡು ಒಂದೇ ಥರ, ಉದ್ದ ಕೋಲಿಗೆ ಅಡಿಯಲ್ಲಿ ಒಂದು ಗೆರೆ.

ಆ ಗಾಡಿಯ ಸಂಗತಿಗಳೆಲ್ಲ ಬೇರೆ ಗಾಡಿಗಳಲ್ಲಿ ಇರದಂಥವು. ಪೆಟ್ರೋಲ್ ಟ್ಯಾಂಕು ಇದ್ದದ್ದು ಚಾಲಕನ ಸೀಟಿನ ಕೆಳಗೆ. ಪೆಟ್ರೋಲ್ ಹಾಕಬೇಕಾದರೆ ಮಾವ ಇಳಿದು ಸೀಟು ಎತ್ತಬೇಕು. ಹೆಡ್‌ಲೈಟುಗಳಿಗೆ ಕೀಲು ಇತ್ತು. ತಿರುಪು ಸಡಿಲಿಸಿ ಹಿಂದಕ್ಕೆ ಮಗುಚಿದರೆ ಬೆಳಕು ಸೀದಾ ಎಂಜಿನ್ನಿನ ಮೇಲೆ ಬೀಳುತ್ತಿತ್ತು. ರಾತ್ರಿ ಯುದ್ಧಭೂಮಿಯಲ್ಲಿ ರಿಪೇರಿ ಮಾಡುವ ಸೈನಿಕನಿಗೆಂದು ಮಾಡಿದ ಏರ್ಪಾಡು ಅದು. ಹಾಲ್ಕಲ್ ಇಳಿಜಾರಿನಲ್ಲಿ ಒಂದು ರಾತ್ರಿ ಮಾವ ಹಾಗೆ ದೀಪ ಮಗುಚಿ ಕೆಲಸ ಮಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಸುತ್ತ ಕಾಡಿನ ಕತ್ತಲೆ, ನಡುವೆ ಆರು ವೋಲ್ಟಿನ ಹಳದಿ ಬೆಳಕಿನಲ್ಲಿ ಎರಡು ಕೈ.

ಮುಂದಿನ ಗಾಜಿನ ವೈಪರಿಗೆ ಮೋಟಾರು ಇರಲಿಲ್ಲ. ಒಳಗಿನಿಂದ ಹಿಡಿಕೆ ಹಿಡಿದು ಕೈಯಲ್ಲೇ ಆಡಿಸಬೇಕು. ಮಳೆಗಾಲದಲ್ಲಿ ಮಾವನ ಪಕ್ಕ ಕೂತು ಆ ಕೆಲಸ ಮಾಡುವವನು ನಾನು. ನಮ್ಮ ಕಡೆಯ ಆಷಾಢದ ಮಳೆಗೆ ಆ ವೈಪರು ಯಾವ ಲೆಕ್ಕಕ್ಕೂ ಇಲ್ಲ, ಆದರೂ ಕೈ ನಿಲ್ಲಿಸುವಂತಿರಲಿಲ್ಲ. ಕೈ ಸೋತರೆ ಮಾವ ಗದರುತ್ತಿರಲಿಲ್ಲ. "ಇನ್ನೊಂದ್ ತಿರ್ಕಿ ಅಷ್ಟೇ ಮಗ" ಎನ್ನುತ್ತಿದ್ದರು. ಆ ಒಂದು ತಿರುವು ಯಾವತ್ತೂ ಹತ್ತು ತಿರುವು.

ಬ್ಯಾಟರಿ ಕೈಕೊಟ್ಟ ದಿನ ಮುಂದಿನಿಂದ ಹ್ಯಾಂಡ್ಲು ತೂರಿಸಿ ತಿರುಗಿಸುವುದು. ಹೆಬ್ಬೆರಳನ್ನು ಹ್ಯಾಂಡ್ಲಿಗೆ ಸುತ್ತಬಾರದು, ಉಳಿದ ಬೆರಳುಗಳ ಜೊತೆಗೇ ಇಡಬೇಕು. ಎಂಜಿನ್ನು ಹಿಂದಕ್ಕೆ ಒದ್ದರೆ ಮಣಿಕಟ್ಟು ಉಳಿಯಬೇಕಲ್ಲ. ಬರೆಯುವಾಗ ಪೆನ್ನು ಹಿಡಿಯುವುದಕ್ಕಿಂತ ಮೊದಲು ನನಗೆ ಕಲಿಸಿದ ಹಿಡಿತ ಅದು.

ಆ ಜೀಪಿನಲ್ಲಿ ದಿಬ್ಬಣ ಹೋಗಿದೆ. ಭತ್ತದ ಮುಡಿ, ಗೊಬ್ಬರ, ತೆಂಗಿನಕಾಯಿ ಹೋಗಿದೆ. ಹೆರಿಗೆ ನೋವು ಬಂದ ಹೆಂಗಸರನ್ನು ನಡುರಾತ್ರಿ ಕುಂದಾಪುರಕ್ಕೆ ಮುಟ್ಟಿಸಿದೆ. ಊರಲ್ಲಿ ಯಾರಿಗಾದರೂ ಹಾವು ಕಚ್ಚಿತೆಂದರೆ ಜನ ಮೊದಲು ಓಡಿಬರುತ್ತಿದ್ದದ್ದು ನಮ್ಮ ಅಂಗಳಕ್ಕೆ. ಮಾವ ಬಾಡಿಗೆ ಮಾತನಾಡಿದ್ದನ್ನು ಅಂಥ ಹೊತ್ತಿನಲ್ಲಿ ನಾನು ಕೇಳಿಲ್ಲ.

ಸೈಕಲ್ ವ್ಯಾಪಾರಿಯ ಕಾರ್ಖಾನೆ

ಆ ಆರು ಅಕ್ಷರ ಒಬ್ಬ ಮನುಷ್ಯನ ಹೆಸರು. ಜಾನ್ ನಾರ್ತ್ ವಿಲ್ಲಿಸ್, ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಸೈಕಲ್ ಮಾರುತ್ತಿದ್ದವನು. ಆಮೇಲೆ ಓವರ್‌ಲ್ಯಾಂಡ್ ಎಂಬ ಕಂಪನಿಯ ಕಾರುಗಳಿಗೆ ಮುಂಗಡ ಕೊಟ್ಟು ಕಾದ. 1907ರ ಕೊನೆಗೆ ಕಾರುಗಳು ಬರಲಿಲ್ಲ. ಕಂಪನಿಯೇ ಮುಳುಗುತ್ತಿದೆ ಎಂಬ ಸುದ್ದಿ ಬಂತು. ಇಂಡಿಯಾನಾಪೊಲಿಸ್‌ಗೆ ಓಡಿದ. ಕೆಲಸಗಾರರ ಸಂಬಳಕ್ಕೆ 350 ಡಾಲರ್ ಕೊರತೆ. ಇಳಿದುಕೊಂಡ ಹೋಟೆಲಿನಿಂದ ಆ ಹಣ ಹೊಂದಿಸಿ ಕಂಪನಿಯನ್ನು ಉಳಿಸಿದನೆಂದು ಕಥೆ.

ಮರುವರ್ಷ ಅದೇ ಕಂಪನಿಯ ಯಜಮಾನನಾದ. ಓಹಾಯೊ ರಾಜ್ಯದ ಟೊಲೆಡೊದಲ್ಲಿ ಕಾರ್ಖಾನೆ ಕೊಂಡ. 1912ರಿಂದ 1918ರವರೆಗೆ ವಿಲ್ಲಿಸ್-ಓವರ್‌ಲ್ಯಾಂಡ್ ಅಮೆರಿಕದಲ್ಲಿ ಫೋರ್ಡ್ ಬಿಟ್ಟರೆ ಎರಡನೆಯ ದೊಡ್ಡ ಕಾರು ಕಂಪನಿ. ಆಮೇಲೆ ಸಾಲ, 1929ರ ಕುಸಿತ, 1933ರಲ್ಲಿ ದಿವಾಳಿ. ವಿಲ್ಲಿಸ್ 1935ರಲ್ಲಿ ತೀರಿಕೊಂಡ. ತನ್ನ ಹೆಸರು ಜಗತ್ತಿನ ಬೆಟ್ಟಗಳನ್ನೆಲ್ಲ ಹತ್ತುವುದನ್ನು ಅವನು ನೋಡಲೇ ಇಲ್ಲ.

1940ರ ಬೇಸಿಗೆಯಲ್ಲಿ ಯುರೋಪ್ ಹೊತ್ತಿ ಉರಿಯುತ್ತಿತ್ತು. ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆಯಿತು: ಹಗುರಾದ, ನಾಲ್ಕೂ ಚಕ್ರಕ್ಕೆ ಶಕ್ತಿಯಿರುವ ಪುಟ್ಟ ಗಾಡಿ ಬೇಕು, ಮಾದರಿಯನ್ನು 49 ದಿನದಲ್ಲಿ ಒಪ್ಪಿಸಬೇಕು. ಮೊದಲಿಗೆ ಮುಂದೆ ಬಂದದ್ದು ಎರಡೇ. ಒಂದು ಬ್ಯಾಂಟಮ್, ಇನ್ನೊಂದು ವಿಲ್ಲಿಸ್. ವಿಲ್ಲಿಸ್ ಹೆಚ್ಚು ಸಮಯ ಕೇಳಿತು. ಬ್ಯಾಂಟಮ್ ಎಂಬ ಬಡ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿ, ಸೆಪ್ಟೆಂಬರ್ 23ಕ್ಕೆ ಗಡುವಿನೊಳಗೇ ಗಾಡಿಯನ್ನು ಓಡಿಸಿಕೊಂಡು ಹೋಗಿ ನಿಲ್ಲಿಸಿತು.

ಇಲ್ಲಿ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಬ್ಯಾಂಟಮ್‌ಗೆ ಬೇಡಿಕೆಯಷ್ಟು ಗಾಡಿ ಮಾಡುವ ತಾಕತ್ತಿಲ್ಲವೆಂದು ಸೈನ್ಯ ಅದರ ನಕ್ಷೆಗಳನ್ನು ವಿಲ್ಲಿಸ್‌ಗೂ ಫೋರ್ಡ್‌ಗೂ ಕೊಟ್ಟಿತು. ಮೊದಲು ಕಡೆದವನಿಗೆ ಸಿಕ್ಕಿದ್ದು ಕೆಲವು ಸಾವಿರ ಗಾಡಿ, ಆಮೇಲೆ ಟ್ರೈಲರ್ ಮಾಡುವ ಕೆಲಸ. ಜೀಪಿನ ಸೃಷ್ಟಿಕರ್ತ ತಾನೇ ಎಂದು ಜಾಹೀರಾತಿನಲ್ಲಿ ಹೇಳಿಕೊಳ್ಳಬಾರದೆಂದು ಅಮೆರಿಕದ ವ್ಯಾಪಾರ ಆಯೋಗವೇ 1948ರಲ್ಲಿ ವಿಲ್ಲಿಸ್‌ಗೆ ತಾಕೀತು ಮಾಡಿತು. ಆದರೂ 'ಜೀಪ್' ಎಂಬ ವ್ಯಾಪಾರ ಮುದ್ರೆ 1950ರಲ್ಲಿ ವಿಲ್ಲಿಸ್ ಕೈಗೇ ಬಂತು.

ವಿಲ್ಲಿಸ್ ಗೆದ್ದದ್ದು ಎಂಜಿನ್ನಿನಿಂದ. ಡೆಲ್ಮಾರ್ ರೂಸ್, ಎಲ್ಲರ ಬಾಯಲ್ಲಿ ಬಾರ್ನಿ ರೂಸ್, ಕಂಪನಿಯ ಹಳೇ ಕಾರಿನ ಸೋತ ಎಂಜಿನ್ನನ್ನು ಎರಡು ವರ್ಷ ಕೂತು ತಿದ್ದಿದ್ದ. 2.2 ಲೀಟರಿನ ಆ ನಾಲ್ಕು ಸಿಲಿಂಡರಿನ ಎಂಜಿನ್ನು 60 ಅಶ್ವಶಕ್ತಿ ಕೊಡುತ್ತಿತ್ತು, ಎದುರಾಳಿಗಳದ್ದು 45ರ ಆಸುಪಾಸು. ಆದರೆ ಗಾಡಿ ಭಾರ ಹೆಚ್ಚು. ಸೈನ್ಯದ ಮಿತಿ 2,160 ಪೌಂಡು, ನಮ್ಮ ಲೆಕ್ಕದಲ್ಲಿ 980 ಕಿಲೋ. ರೂಸ್ ಇಡೀ ಗಾಡಿಯನ್ನು ಬಿಚ್ಚಿ ಬೋಲ್ಟಿನ ಉದ್ದನೆಯ ತುದಿಗಳನ್ನು ಕತ್ತರಿಸಿದ, ಬಣ್ಣವನ್ನು ಒಂದೇ ಪದರಕ್ಕೆ ಇಳಿಸಿದ. ತೂಗುವ ದಿನ ಮೇಲೆ ಸ್ವಲ್ಪ ಧೂಳು ಕೂತಿದ್ದರೂ ಮಿತಿ ಮೀರುತ್ತಿತ್ತೆಂಬ ಮಾತು ಉಳಿದುಕೊಂಡಿದೆ.

> ಚೌಕಟ್ಟು: ಯುದ್ಧದ ಜೀಪು, ವಿಲ್ಲಿಸ್ ಎಂ.ಬಿ.
> ಉದ್ದ ಸುಮಾರು 11 ಅಡಿ. ಮುಂದಿನ ಹಿಂದಿನ ಚಕ್ರಗಳ ನಡುವೆ 80 ಅಂಗುಲ. ಮೂರು ಗೇರು, ಜೊತೆಗೆ ಎರಡು ಚಿಕ್ಕ ಸನ್ನೆಕೋಲು: ಒಂದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡಲು, ಇನ್ನೊಂದು ಲೋ ಗೇರಿಗೆ. ಮುಖದಲ್ಲಿ ಒಂಬತ್ತು ಸೀಳು. ಯುದ್ಧದ ನಂತರ ಜನರಿಗೆಂದು ಬಂದ ಸಿ.ಜೆ. ಮಾದರಿಗಳಲ್ಲಿ ಏಳು. ಎರಡನೇ ಮಹಾಯುದ್ಧಕ್ಕೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಮಾಡಿದ್ದು ಆರು ಲಕ್ಷಕ್ಕೂ ಹೆಚ್ಚು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು.

ಮಝಗಾಂವ್‌ನಿಂದ ನಮ್ಮ ಅಂಗಳಕ್ಕೆ

ಯುದ್ಧ ಮುಗಿದಾಗ ಬರ್ಮಾ ಗಡಿಯ ಕಡೆಯ ಸೈನ್ಯದ ಜೀಪುಗಳು ನಮ್ಮ ದೇಶದಲ್ಲೇ ಉಳಿದವು, ಹರಾಜಾದವು. ಮಾವನದು ಆ ಪೀಳಿಗೆ. ಆದರೆ ಜೀಪು ನಮ್ಮದಾದದ್ದು ಬೇರೆ ದಾರಿಯಲ್ಲಿ.

ಯುದ್ಧಕಾಲದಲ್ಲಿ ಕೆ.ಸಿ. ಮಹೀಂದ್ರ ವಾಷಿಂಗ್ಟನ್ನಿನಲ್ಲಿ ಭಾರತದ ಸರಬರಾಜು ಕಚೇರಿಯ ಮುಖ್ಯಸ್ಥರಾಗಿದ್ದರು. ಅಲ್ಲಿ ಬಾರ್ನಿ ರೂಸ್‌ನ ಪರಿಚಯವಾಯಿತು. ಡಾಂಬರು ಕಾಣದ ದೇಶಕ್ಕೆ ಹೇಳಿ ಮಾಡಿಸಿದ ಗಾಡಿ ಇದು ಎಂದು ಅವರಿಗೆ ಹೊಳೆದದ್ದು ಅಲ್ಲಿಯೇ. 1945ರಲ್ಲಿ ಅಣ್ಣ ಜೆ.ಸಿ. ಮಹೀಂದ್ರ ಮತ್ತು ಮಲಿಕ್ ಗುಲಾಂ ಮೊಹಮ್ಮದ್ ಜೊತೆ ಸೇರಿ 'ಮಹೀಂದ್ರ ಅಂಡ್ ಮೊಹಮ್ಮದ್' ಕಟ್ಟಿದರು. ದೇಶ ಎರಡಾಯಿತು. ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು. 1948ರಲ್ಲಿ ಬೋರ್ಡಿನ ಮೇಲಿನ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು.

1947ರಲ್ಲಿ 75 ಜೀಪುಗಳ ಬಿಡಿಭಾಗ ಪೆಟ್ಟಿಗೆಗಳಲ್ಲಿ ಬಂತು. 1949ರ ಜೂನ್ 3ರಂದು ಮುಂಬಯಿಯ ಮಝಗಾಂವ್‌ನಲ್ಲಿ ಮೊದಲ ವಿಲ್ಲಿಸ್ ಜೋಡಣೆಯಾಗಿ ಹೊರಬಿತ್ತು. ಕೆಲವೇ ವರ್ಷಗಳಲ್ಲಿ ಸಿ.ಜೆ. 3ಬಿ ಎಂಬ ಎತ್ತರದ ಬಾನೆಟ್ಟಿನ ಮಾದರಿಯನ್ನು ಇಲ್ಲೇ ತಯಾರಿಸುವ ಪರವಾನಗಿ ಸಿಕ್ಕಿತು. ನಮ್ಮ ಕಣ್ಣಿಗೆ ಜೀಪು ಎಂದರೆ ಆ ಮುಖವೇ. ತಹಶೀಲ್ದಾರರು ಇಳಿಯುತ್ತಿದ್ದದ್ದು ಅದರಿಂದ, ಪೊಲೀಸರು ಬರುತ್ತಿದ್ದದ್ದು ಅದರಲ್ಲಿ, ಅರಣ್ಯ ಇಲಾಖೆಯವರು ಮರಗಳ್ಳರ ಬೆನ್ನು ಹತ್ತುತ್ತಿದ್ದದ್ದೂ ಅದರಲ್ಲಿ. ಬಾನೆಟ್ಟು ಎತ್ತರವಾಗಲು ಕಾರಣ ಸರಳ. ಹೊಸ ಹರಿಕೇನ್ ಎಂಜಿನ್ನಿನ ಇನ್‌ಟೇಕ್ ವಾಲ್ವುಗಳು ಮೇಲಕ್ಕೆ, ಸಿಲಿಂಡರಿನ ತಲೆಗೆ ಹೋಗಿದ್ದವು, ಎಂಜಿನ್ನೇ ಎತ್ತರವಾಯಿತು. ಮುಚ್ಚಳವನ್ನೂ ಎತ್ತರಿಸಿದರು. ಚಂದ ನೋಡಿ ಮಾಡಿದ್ದಲ್ಲ, ಆದರೂ ಎಷ್ಟು ಚಂದ.

ಅತ್ತ ಟೊಲೆಡೊದಲ್ಲಿ 1953ರಲ್ಲಿ ಕೈಸರ್ ಕಂಪನಿ ವಿಲ್ಲಿಸ್ಸನ್ನು ಕೊಂಡಿತು. 1955ಕ್ಕೆ ವಿಲ್ಲಿಸ್ ಕಾರುಗಳು ಅಮೆರಿಕದಲ್ಲಿ ನಿಂತವು. 1963ರಲ್ಲಿ ಕಂಪನಿ 'ಕೈಸರ್ ಜೀಪ್' ಎಂದು ಹೆಸರು ಬದಲಿಸಿಕೊಂಡಿತು. ಜೀಪ್ ಉಳಿಯಿತು, ವಿಲ್ಲಿಸ್ ಹೋಯಿತು. ಮುಂದೆ ಜೀಪ್ ಎಂಬ ಹೆಸರೂ ಎ.ಎಂ.ಸಿ.ಗೆ, ಅಲ್ಲಿಂದ ಕ್ರೈಸ್ಲರ್‌ಗೆ ಕೈ ಬದಲಾಯಿಸುತ್ತ ಹೋಯಿತು. ಸಿ.ಜೆ. 3ಬಿ 1968ರಲ್ಲಿ ಅಮೆರಿಕದಲ್ಲಿ ಕೊನೆಯಾಯಿತು. ಜಪಾನಿನಲ್ಲಿ ಮಿತ್ಸುಬಿಷಿ ಅದೇ ಕುಲದ ಜೀಪನ್ನು 1998ರವರೆಗೆ ಮಾಡುತ್ತ ಬಂತು. ನಮ್ಮಲ್ಲಿ ಅದು ಸಾಯುವ ಮಾತೇ ಇರಲಿಲ್ಲ.

1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲಿನ ಬೆಲೆ ಏರಿತು. ಲೀಟರಿಗೆ ಏಳೆಂಟು ಕಿಲೋಮೀಟರು ಓಡುವ ಗಾಡಿಯನ್ನು ಸಾಕುವುದು ಯಾರಿಗೂ ಆಗದ ಮಾತಾಯಿತು. ಆಗ ಮಹೀಂದ್ರದವರು ಜೀಪಿನೊಳಗೆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನು ಕೂರಿಸಿದರು. ಆಮೇಲೆ ಫ್ರಾನ್ಸಿನ ಪ್ಯೂಜೊ ಎಂಜಿನ್ನು ಬಂತು. ಗದ್ದೆ ಉಳುವ ಎಂಜಿನ್ನು ಜೀಪಿನ ಎದೆಗೆ ಹೊಂದಿಕೊಂಡದ್ದು ನನಗೆ ಇಡೀ ಚರಿತ್ರೆಯಲ್ಲಿ ಅತಿ ಇಷ್ಟವಾದ ಘಟ್ಟ. ಅಲ್ಲಿಗೆ ಆ ಗಾಡಿ ಯುದ್ಧದ ಋಣ ಹರಿದುಕೊಂಡಿತು.

> ಚೌಕಟ್ಟು: ಬಂದು ಹೋದ ಬೇರೆ ಹೆಸರುಗಳು
> ಪ್ಲೈಮತ್, ಡಾಡ್ಜ್, ಡಿಸೋಟೊ ಕಾರುಗಳನ್ನೂ ಫಾರ್ಗೊ ಲಾರಿಗಳನ್ನೂ ಮುಂಬಯಿಯ ಪ್ರೀಮಿಯರ್ ಕಂಪನಿ ಜೋಡಿಸುತ್ತಿತ್ತು. ಸ್ಟುಡಿಬೇಕರ್ ಬಂದದ್ದು ಹಿಂದೂಸ್ತಾನ್ ಮೋಟರ್ಸ್ ಮೂಲಕ. ಡಿಸೋಟೊ 1960ರಲ್ಲಿ, ಸ್ಟುಡಿಬೇಕರ್ 1966ರಲ್ಲಿ, ಪ್ಲೈಮತ್ 2001ರಲ್ಲಿ ನಿಂತವು.
> ಪ್ರೀಮಿಯರ್ ಹಿಂದೆ ನಮ್ಮದೇ ಒಂದು ಕನಸಿದೆ. ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲೇ ಅಮೆರಿಕ, ಯುರೋಪಿನ ಕಾರ್ಖಾನೆಗಳನ್ನು ನೋಡಿ ಬಂದು ಮೋಟಾರು ಕಾರ್ಖಾನೆಯ ಯೋಜನೆ ಬರೆದಿದ್ದರು. ವಾಲ್‌ಚಂದ್ ಹೀರಾಚಂದ್ ಕ್ರೈಸ್ಲರ್ ಜೊತೆ ಮಾತಾಡಿ ಮೈಸೂರು ಸಂಸ್ಥಾನದಲ್ಲಿ ಅದನ್ನು ಕಟ್ಟಲು ಹೊರಟರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿಗೆ ದಕ್ಕಬಹುದಾಗಿದ್ದ ಕಾರ್ಖಾನೆ ಮುಂಬಯಿಯ ಕುರ್ಲಾಕ್ಕೆ ಹೋಯಿತು.

ಮೂರು ತಾಲೂಕಿನ ಸರ್ವಿಸ್ ಜೀಪು

ನಮ್ಮ ಊರುಗಳ ನಕ್ಷೆಯನ್ನು ನೋಡಿದರೆ ಜೀಪು ಇಲ್ಲಿ ಯಾಕೆ ಬೇರೂರಿತೆಂದು ಗೊತ್ತಾಗುತ್ತದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕ ಎಂಬ ಐದು ಹೊಳೆ. ಸೇತುವೆಗಳು ಬರುವ ಮೊದಲು ಗಾಡಿಗಳು ದಾಟುತ್ತಿದ್ದದ್ದು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ. ಹೆದ್ದಾರಿಯಲ್ಲಿ ಬಸ್ಸಿತ್ತು. ಹೆದ್ದಾರಿಯಿಂದ ಒಳಗೆ ಗದ್ದೆ ಬಯಲು, ಹಾಡಿ, ಕಟ್ಟುಸಂಕ. ಅಲ್ಲಿಗೆ ಹೋಗುತ್ತಿದ್ದದ್ದು ಒಂದೇ ಗಾಡಿ.

ಹೊಸಂಗಡಿ, ಅಮಾಸೆಬೈಲು, ಸಿದ್ದಾಪುರ, ಶಂಕರನಾರಾಯಣ. ಇಲ್ಲೆಲ್ಲ 'ಸರ್ವಿಸ್ ಜೀಪು' ಎಂಬ ಮಾತು ಬಸ್ಸಿನಷ್ಟೇ ಸಹಜವಾಗಿತ್ತು. ಜಡ್ಕಲ್, ಮುದೂರಿನ ಕಡೆ ಕೇರಳದಿಂದ ಬಂದು ನೆಲೆಸಿದ ರಬ್ಬರ್ ಬೆಳೆಗಾರರಿಗೆ ಜೀಪಿಲ್ಲದ ಬದುಕೇ ಇರಲಿಲ್ಲ. ಗುಡ್ಡದ ಮೇಲಿನ ತೋಟದಿಂದ ರಬ್ಬರ್ ಶೀಟು ಇಳಿಯುವುದೂ ಭಾನುವಾರ ಇಡೀ ಸಂಸಾರ ಇಗರ್ಜಿಗೆ ಹೋಗುವುದೂ ಅದರಲ್ಲೇ.

ಬ್ರಹ್ಮಾವರದ ಕಡೆ, ಬಾರ್ಕೂರು, ಮಂದಾರ್ತಿಯ ಬಯಲಿನಲ್ಲಿ, ಜೀಪಿನ ನೆನಪು ಸದ್ದಿನದು. ಡೇರೆ ಮೇಳದ ಯಕ್ಷಗಾನ ಆಟ ಇರುವ ದಿನ ಮಧ್ಯಾಹ್ನ ಮೈಕು ಕಟ್ಟಿದ ಜೀಪು ಬರುತ್ತಿತ್ತು. ಇಂದು ರಾತ್ರಿ ಎಂಬ ಎಳೆದ ದನಿ, ಪ್ರಸಂಗದ ಹೆಸರು, ವೇಷಧಾರಿಗಳ ಹೆಸರು, ಹಿಂದಿನಿಂದ ಬಣ್ಣಬಣ್ಣದ ಹ್ಯಾಂಡ್‌ಬಿಲ್ಲು. ಧೂಳಿನಲ್ಲಿ ಓಡಿ ಅವನ್ನು ಹೆಕ್ಕಿದ ಮಕ್ಕಳಿಗೆ ಈಗ ಮೊಮ್ಮಕ್ಕಳು. ಚುನಾವಣೆ ಬಂದರೆ ಅದೇ ಜೀಪು, ಬೇರೆ ಕಾಗದ.

ಆಮೇಲೆ ಟ್ರ್ಯಾಕ್ಸ್ ಬಂತು, ರಿಕ್ಷಾಗಳು ಬಂದವು, ಒಳರಸ್ತೆಗಳಿಗೆ ಡಾಂಬರು ಬಿತ್ತು. ಜೀಪು ಹಿಂದೆ ಹಿಂದೆ ಸರಿದು, ಯಾವ ಗಾಡಿಗೂ ಆಗದ ಜಾಗಕ್ಕೆ ಹೋಗಿ ನಿಂತಿತು.

ಗಂಟಿ ಸಾಕಿದ ಹಾಗೆ

ಜೀಪು ಇಟ್ಟವರೆಲ್ಲ ಅದನ್ನು ಹೊಗಳುವ ಮೊದಲು ದೂರುತ್ತಾರೆ. ಹಳೇ ವಿಲ್ಲಿಸ್ ಕುಲದ ದೋಷಗಳು ಜಗತ್ತಿನಾದ್ಯಂತ ಒಂದೇ. ಇಳಿಜಾರಿನಲ್ಲಿ ಗೇರು ಜಿಗಿದು ಬೀಳುತ್ತದೆ. ಮೊದಲ ಗೇರಿಗೆ ಡಬಲ್ ಕ್ಲಚ್ ಹಾಕದಿದ್ದರೆ ಕಿರುಚುತ್ತದೆ. ಸ್ಪ್ರಿಂಗ್ ಪ್ಲೇಟುಗಳು ಮರದ ಹಲಗೆಯಂತೆ ಬಿಗಿ. ಗಿಡ್ಡ ಮೈ, ಎತ್ತರದ ನಿಲುವು. ತಿರುವಿನಲ್ಲಿ ಆತುರಪಟ್ಟರೆ ಮಗುಚುತ್ತದೆ. ಒಂದು ವೇಗ ದಾಟಿದರೆ ಸ್ಟಿಯರಿಂಗಿಗೆ ಚಳಿಜ್ವರದ ನಡುಕ. ಮಳೆ ಬಂದರೆ ಒಳಗೂ ಮಳೆ.

ಇಷ್ಟೆಲ್ಲ ಹೇಳಿದ ಮೇಲೆ ದನಿ ಬದಲಾಗುತ್ತದೆ. ಕಟ್ಟಿನಹೊಳೆಯಲ್ಲಿ ಚಹಾಕ್ಕೆ ನಿಂತಾಗ ನಮ್ಮ ಚಾಲಕನೂ ಹಾಗೆಯೇ ಮಾಡಿದ. ಬೆನ್ನುನೋವಿನಿಂದ ಶುರುಮಾಡಿ, ಟಯರಿನ ಬೆಲೆಗೆ ಬಂದು, ಕೊನೆಗೆ ಬಾನೆಟ್ಟಿನ ಮೇಲೆ ಕೈಯಿಟ್ಟ.

"ಕಾರಿಗ್ ಎಣ್ಣಿ ಹಾಕ್ರೆ ಸಾಕ್. ಇದನ್ ಗಂಟಿ ಸಾಕ್ದಂಗೆ ಸಾಕ್ಕ್ ಮರ್ರೆ."

ಗಂಟಿ ಎಂದರೆ ನಮ್ಮಲ್ಲಿ ದನಕರು. ಬೆಳಿಗ್ಗೆ ಎದ್ದು ಮೈ ಸವರಿ ನೋಡುವುದು, ಎಲ್ಲಿ ಎಣ್ಣೆ ಒಸರಿದೆ, ಯಾವ ಪ್ಲೇಟು ಸೀಳಿದೆ, ಯಾವ ನಟ್ಟು ಸಡಿಲವಾಗಿದೆ ಎಂದು ಕಿವಿಯಿಂದ ತಿಳಿಯುವುದು. ದಿನಕ್ಕೆ ಎರಡು ಟ್ರಿಪ್ಪು ಆ ದಾರಿಯಲ್ಲಿ ಹೋಗಿ ಬಂದ ಗಾಡಿಯ ಯಾವ ಭಾಗವೂ ಜಾಗದಲ್ಲಿ ಇರುವುದಿಲ್ಲ. ಸಂಜೆ ಮತ್ತೆ ಎಲ್ಲವನ್ನೂ ಜಾಗಕ್ಕೆ ತರಬೇಕು.

ತರಲು ಆಗುತ್ತದೆ ಎಂಬುದೇ ಆ ಗಾಡಿಯ ದೊಡ್ಡತನ. ಬಾರ್ನಿ ರೂಸ್ ಕಾಲದಲ್ಲಿ ಇದನ್ನು ಕಡೆದದ್ದು ಹತ್ತೊಂಬತ್ತು ವರ್ಷದ ಸೈನಿಕನಿಗೆ, ಕೆಸರಿನಲ್ಲಿ ಮಲಗಿ, ಕೈಯಲ್ಲಿರುವ ನಾಲ್ಕು ಸ್ಪ್ಯಾನರಿನಲ್ಲಿ ಬಿಚ್ಚಿ ಕಟ್ಟಲು ಆಗುವಂತೆ. ಕುಂದಾಪುರದ ಗ್ಯಾರೇಜುಗಳು ಆ ಗುಣವನ್ನೇ ಅನ್ನವಾಗಿ ಉಂಡವು. ಶಾಲೆ ಬಿಟ್ಟ ಹುಡುಗರು ಜೀಪಿನ ಅಡಿಯಲ್ಲಿ ಮಲಗಿ ಕೆಲಸ ಕಲಿತರು. ಒಂದರ ಆಕ್ಸಲ್ ಇನ್ನೊಂದಕ್ಕೆ, ಟ್ರ್ಯಾಕ್ಟರಿನ ಪಂಪು ಜೀಪಿಗೆ, ಲಾರಿಯ ಪ್ಲೇಟು ಕತ್ತರಿಸಿ ಇಲ್ಲಿಗೆ. ಹೀಗೆ ಕಟ್ಟಿ ಕಟ್ಟಿ, ಕೊನೆಗೆ ಆರ್.ಸಿ.ಯಲ್ಲಿರುವ ಗಾಡಿಗೂ ಕಣ್ಣೆದುರಿನ ಗಾಡಿಗೂ ನಂಬರು ಮಾತ್ರ ಸಮಾನ. ಬ್ರ್ಯಾಂಡು ಎಂಬುದು ತಗಡಿನ ಮೇಲಿನ ಅಕ್ಷರವಾದರೆ ವಿಲ್ಲಿಸ್ ಎಂದೋ ಸತ್ತಿದೆ. ಬಿಚ್ಚಿ ಕಟ್ಟುವ ಈ ವಿದ್ಯೆಯೇ ಅದಾದರೆ ಅದು ನಮ್ಮ ಹುಡುಗರ ಕೈಯಲ್ಲಿದೆ, ಮತ್ತು ಆ ಕೈಗಳಿಗೆ ಯಾವ ಕಂಪನಿಯೂ ಪ್ರಮಾಣಪತ್ರ ಕೊಟ್ಟಿಲ್ಲ ಎಂಬುದು ನನ್ನ ಕೊರಗು.

2018ರಲ್ಲಿ ಮಹೀಂದ್ರದವರು ಇದೇ ಎಲುಬುಗೂಡಿನ 'ರಾಕ್ಸರ್' ಎಂಬ ಗಾಡಿಯನ್ನು ಅಮೆರಿಕದ ಮಿಷಿಗನ್ನಿನಲ್ಲಿ ಜೋಡಿಸಿ ಮಾರಲು ಹೊರಟರು. ಆಗ ಜೀಪ್ ಹೆಸರಿನ ಒಡೆತನ ಹೊಂದಿದ್ದ ಕಂಪನಿ, ಇದು ನಮ್ಮ ಗಾಡಿಯ ರೂಪ ಎಂದು ದೂರು ಕೊಟ್ಟಿತು. 2020ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಹಳೇ ರೂಪಕ್ಕೆ ತಡೆ ಹಾಕಿತು. ಮುಖ ಬದಲಿಸಿದ ಮೇಲೆ ಒಪ್ಪಿತು. ಎಪ್ಪತ್ತು ವರ್ಷ ಪರದೇಶದಲ್ಲಿ ದುಡಿದು ಬಂದ ಮಗ ತವರಿನ ಬಾಗಿಲಲ್ಲಿ ಮುಖ ಬದಲಿಸಿ ಬಾ ಎಂದು ಹೇಳಿಸಿಕೊಂಡ ಹಾಗೆ.

ಗುಡ್ಡದ ಮೇಲೆ

ಕೊಡಚಾದ್ರಿ 1,343 ಮೀಟರ್. ಜೀಪು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಸರ್ವಜ್ಞ ಪೀಠದ ಕಲ್ಲು ಮಂಟಪಕ್ಕೆ ಕಾಲುದಾರಿ. ಕೇರಳದ ಅಜ್ಜಿ ಇಳಿದು ಜೀಪಿನ ಬಾನೆಟ್ಟನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡರು.

ನಾನು ಜೀಪಿನ ಪಕ್ಷಪಾತಿ. ಆದರೂ ಮಂಟಪದ ಬಳಿ ನಿಂತು ಕೆಳಗೆ ನೋಡಿದಾಗ ಗಾಯದಂತೆ ಕಾಣುವುದು ಅದೇ ಜೀಪಿನ ದಾರಿ. ಹುಲ್ಲುಗಾವಲು ಸೀಳಿ, ಮಳೆಗೆ ಮಣ್ಣು ಇಳಿದು, ಪ್ರತಿ ವರ್ಷ ಅಗಲವಾಗುತ್ತಿದೆ. ಸುತ್ತ ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ಇಲ್ಲಿ ಡಾಂಬರು ಹಾಕಿ ಎಲ್ಲ ಕಾರುಗಳಿಗೂ ಬಾಗಿಲು ತೆರೆಯಬೇಕೆನ್ನುವವರಿದ್ದಾರೆ. ಅದು ಆಗಬಾರದು. ಕಷ್ಟದ ದಾರಿ ಮತ್ತು ಅದನ್ನು ಬಲ್ಲ ಕೆಲವೇ ಗಾಡಿ, ಆ ಗುಡ್ಡಕ್ಕೆ ಇಷ್ಟು ದಿನ ಸಿಕ್ಕ ಕಾವಲು ಇವೆರಡೇ. ದಿನಕ್ಕೆ ಇಷ್ಟೇ ಟ್ರಿಪ್ಪು ಎಂದು ಲೆಕ್ಕ ಕಟ್ಟಿ, ಆ ಲೆಕ್ಕದಲ್ಲೇ ಚಾಲಕರ ಮನೆ ನಡೆಯುವಷ್ಟು ಬಾಡಿಗೆ ನಿಗದಿ ಮಾಡಬೇಕು.

ಈಗ ಸಾಲಿನಲ್ಲಿ ನಿಲ್ಲುವವು ಮಹೀಂದ್ರದ ಕಮಾಂಡರ್, ಮೇಜರ್, ಮಾರ್ಷಲ್, ನಡುನಡುವೆ ಬೊಲೆರೊ. ಅಸಲಿ ವಿಲ್ಲಿಸ್ ಒಂದೂ ಇಲ್ಲ. ಹಳೇ ಗಾಡಿಗಳಿಗೆ ಎಫ್.ಸಿ. ಸಿಗುವುದು ವರ್ಷ ವರ್ಷಕ್ಕೆ ಕಷ್ಟವಾಗುತ್ತಿದೆ, ಬಿಡಿಭಾಗ ಗುಜರಿಯಲ್ಲೂ ಅಪರೂಪ. ಚಾಲಕನ ಮಗ ಬೆಂಗಳೂರಿನಲ್ಲಿ ಬೇಕರಿಯಲ್ಲಿದ್ದಾನಂತೆ.

ಇಳಿಯುವಾಗ ಚಾಲಕ ಬ್ರೇಕು ಮುಟ್ಟಲಿಲ್ಲ. ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು, ಒಂದೊಂದೇ ಕಲ್ಲು ಇಳಿಸಿ, ಕಟ್ಟಿನಹೊಳೆಗೆ ತಂದು ಬಿಟ್ಟಿತು.

ಕೊಲ್ಲೂರಿನಿಂದ ವಂಡ್ಸೆಗೆ ಹೋದೆ. ಮಾವ ಇಲ್ಲ. ಜೀಪು ಗುಜರಿಗೆ ಹೋಗಿ ಮೂವತ್ತು ವರ್ಷವಾಯಿತು. ಬಾನೆಟ್ಟನ್ನು ಮಾತ್ರ ಮಾವ ಬಿಡಿಸಿ ಇಟ್ಟುಕೊಂಡಿದ್ದರು. ಬಾವಿಕಟ್ಟೆಯ ಪಕ್ಕದ ಪಂಪ್‌ಸೆಟ್ಟಿಗೆ ಈಗ ಅದೇ ಮುಚ್ಚಿಗೆ. ಮಾವನ ಮಗ ಆಯುಧ ಪೂಜೆಗೆಂದು ಕತ್ತಿ, ಹಾರೆ, ಪಿಕಾಸಿ ತೊಳೆದು ಸಾಲಾಗಿ ಇಟ್ಟಿದ್ದ. ಪಂಪಿಗೆ ಹಿಂಗಾರದ ಎಸಳು ಸಿಕ್ಕಿಸಿ, ಕುಂಕುಮ ಹಚ್ಚಿದ. ಬೆರಳಲ್ಲಿ ಉಳಿದ ಕುಂಕುಮವನ್ನು ಬಾನೆಟ್ಟಿಗೂ ಒತ್ತಿದ. ಮಗಳು ಬಗ್ಗಿ, ತುಕ್ಕಿನ ಮೇಲೆ ಬೆರಳಾಡಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು.